ಹ್ಯಾಲೋವೀನ್‌ಗೆ ಭಯ ಹುಟ್ಟಿಸೋ ಸಂಗೀತ: ಹಳೇ ರೆಕಾರ್ಡು, ಮನೆಯ ಕೀಬೋರ್ಡು

ಮಕ್ಕಳು ವೇಷ ಹಾಕಿ ಮನೆಮನೆಗೆ ಸಿಹಿ ಕೇಳೋಕೆ ಬರೋ ಹ್ಯಾಲೋವೀನ್ ರಾತ್ರಿ ಬಾಗಿಲ ಹತ್ತಿರ ಹಾಕೋಕೆ ಹಳೇ ಕಾಲದ ರೆಕಾರ್ಡು ಎಲ್ಲಿ ಸಿಗುತ್ತೆ, ಕೀಬೋರ್ಡಲ್ಲಿ ನಾನೇ ನುಡಿಸಿದ್ದನ್ನು ಬೇರೆಯವರಿಗೆ ಹಂಚಬಹುದಾ ಅಂತ ಕೇಳಿದ್ದೀರಿ. ಅಮೆರಿಕಕ್ಕೆ ಬಂದಾಗಿನಿಂದ ಪ್ರತಿ ಅಕ್ಟೋಬರ್ 31ಕ್ಕೂ ನಮ್ಮನೇಲಿ ಇದೇ ಕೆಲಸ, ನನಗೆ ತುಂಬಾ ಇಷ್ಟದ್ದು.

ಸಾಂತಾ ಬಾರ್ಬರಾದಲ್ಲಿರೋ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸಾವಿರಾರು ಹಳೇ ಸಿಲಿಂಡರ್ ರೆಕಾರ್ಡುಗಳನ್ನು (ತಟ್ಟೆಯ ಬದಲು ಉರುಳೆ ಆಕಾರದವು) ಡಿಜಿಟಲ್ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ಅಮೆರಿಕ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ವೆಬ್‌ಸೈಟು ನ್ಯಾಷನಲ್ ಜೂಕ್‌ಬಾಕ್ಸಲ್ಲಿ ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಪ್ಲೇಟುಗಳಿವೆ. ಮೈಕ್ ಬರೋದಕ್ಕೆ ಮೊದಲು ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಿದ ದನಿಗಳು ಅವು. ಗೋಡೆಯಾಚೆ ಯಾರೋ ಹಾಡ್ತಿದಾರೆ ಅನ್ನಿಸುತ್ತೆ. ತಮಾಷೆ ಹಾಡೇ ಆದರೂ ಕತ್ತಲಲ್ಲಿ ಮೈ ಜುಮ್ಮೆನ್ನುತ್ತೆ. ದಯವಿಟ್ಟು ಆ ಕರಕರ ಸದ್ದು ತೆಗೀಬೇಡಿ, ಜೀವ ಇರೋದೇ ಅದರಲ್ಲಿ.

ಹಂಚೋ ವಿಷಯ: ಅಮೆರಿಕದಲ್ಲಿ 1923ಕ್ಕಿಂತ ಮೊದಲು ಹೊರಬಂದ ರೆಕಾರ್ಡುಗಳೆಲ್ಲ 2022ರ ಜನವರಿ 1ಕ್ಕೆ ಕಾಪಿರೈಟಿನಿಂದ ಮುಕ್ತವಾದವು. ಧಾರಾಳವಾಗಿ ಕಳಿಸಿ. 1962ರ 'ಮಾನ್‌ಸ್ಟರ್ ಮ್ಯಾಶ್' ಹಾಡಿನ ಥರದ್ದನ್ನು ಮನೇಲಿ ಹಾಕ್ಕೊಳ್ಳಿ, ಕಾಪಿ ಮಾಡಿ ಹಂಚಬೇಡಿ.

ಕೀಬೋರ್ಡಿಗೆ ನನ್ನ ಆಯ್ಕೆ ಫ್ರಾನ್ಸಿನ ಸಂಗೀತ ರಚನೆಕಾರ ಸಾಂ-ಸಾನ್ಸ್ 1874ರಲ್ಲಿ ಬರೆದ 'ದಾನ್ಸ್ ಮಕಾಬ್ರ್', ಅಂದರೆ ಸತ್ತವರ ಕುಣಿತ. ಅವರು ತೀರಿಕೊಂಡಿದ್ದು 1921ರಲ್ಲಿ, ಕೃತಿಯೂ ಅಷ್ಟು ಹಳೇದು, ಹಾಗಾಗಿ ಮುಕ್ತ. ನೀವು ನುಡಿಸಿದ ರೆಕಾರ್ಡಿಂಗ್ ನಿಮ್ಮದೇ. ಈಗಿನ ಆರ್ಕೆಸ್ಟ್ರಾದವರ ರೆಕಾರ್ಡಿಂಗ್ ಮಾತ್ರ ಅವರದು. ಶುರುವಿನಲ್ಲಿ ಹಾರ್ಪ್ 'ಡಿ' ಸ್ವರವನ್ನು ಹನ್ನೆರಡು ಸಲ ಮೀಟುತ್ತೆ, ನಡುರಾತ್ರಿಯ ಗಂಟೆ. ಆಮೇಲೆ ಪಿಟೀಲು ಬರುತ್ತೆ, ಅದರ 'ಇ' ತಂತಿಯನ್ನು ಬೇಕಂತಲೇ ಅರ್ಧ ಸ್ವರ ಇಳಿಸಿ 'ಇ ಫ್ಲ್ಯಾಟ್' ಮಾಡಿರ್ತಾರೆ. ಪಕ್ಕದ 'ಎ' ತಂತಿಯ ಜೊತೆ ಅದು ಒಟ್ಟಿಗೆ ನುಡಿದಾಗ ಎದೆ ಝಲ್ಲೆನ್ನುತ್ತೆ.

ಸಂಗೀತ ಕಲಿತಿದ್ದರೆ ಇದನ್ನು ಹೀಗೆ ನೋಡಿ: 'ಎ' ಷಡ್ಜ ಆದರೆ 'ಇ ಫ್ಲ್ಯಾಟ್' ಪ್ರತಿಮಧ್ಯಮ. ಕಲ್ಯಾಣಿಯ ಮಧ್ಯಮವೇ! ರಿ, ಗ, ಪ ಜೊತೆಗಿದ್ದಾಗ ಮಂಗಳಕರವಾಗಿ ಕೇಳೋ ಸ್ವರ, ಷಡ್ಜದ ಜೊತೆ ಒಂಟಿಯಾಗಿ ನಿಂತಾಗ ಭಯ ಹುಟ್ಟಿಸುತ್ತೆ. ಇದು ಹೊಳೆದ ದಿನ ರಾತ್ರಿಯೆಲ್ಲ ಆ ಎರಡೇ ಕೀ ಒತ್ತುತ್ತಾ ಕೂತಿದ್ದೆ.

ನಾನು ಮಾಡೋದು ಇಷ್ಟು. ಹಾರ್ಪ್ ಟೋನಲ್ಲಿ ಹನ್ನೆರಡು 'ಡಿ', ಒಂದೊಂದಕ್ಕೂ ನಡುವೆ ಮೂರು ಸೆಕೆಂಡ್ ಬಿಟ್ಟು. ಆಮೇಲೆ ಆರ್ಗನ್ ಟೋನಿಗೆ ಬದಲಾಯಿಸಿ, ಕೆಳಗಿನ ಆಕ್ಟೇವಲ್ಲಿ 'ಎ', 'ಇ ಫ್ಲ್ಯಾಟ್' ಎರಡೂ ಸ್ವರ ಒಟ್ಟಿಗೆ ತುಂಬಾ ಹೊತ್ತು ಹಿಡಿದೇ ಇರೋದು. ಅದನ್ನು ಫೋನಲ್ಲಿ ಹಾಕಿ, ಫೋನನ್ನು ಸ್ಟೀಲ್ ಕೊಳಗದೊಳಗೆ ಇಟ್ಟರೆ ಹಳೇ ಕೊಳವೆ ದನಿಯ ಹತ್ತಿರ ಬರುತ್ತೆ.

ಕಳೆದ ವರ್ಷ ಅಸ್ಥಿಪಂಜರದ ವೇಷ ಹಾಕಿದ್ದ ಪಕ್ಕದ ಬೀದಿ ಹುಡುಗ ಚಾಕೊಲೇಟ್ ಬುಟ್ಟಿ ಮೆಟ್ಟಿಲ ಮೇಲಿಟ್ಟು, ಬೆರಳು ಮಡಿಸಿ ಗಂಟೆ ಎಣಿಸ್ತಾ ನಿಂತುಬಿಟ್ಟ. ಹನ್ನೆರಡಾದ ಮೇಲೆ ಆರ್ಗನ್ ಬಂತು ನೋಡಿ, ಓಡಿಹೋಗಿ ಅಮ್ಮನ ಕೈ ಹಿಡಿದ. ಮತ್ತೆ ವಾಪಸ್ ಬಂದು ಇನ್ನೊಂದು ಸಲ ಹಾಕಿ ಅಂದ.

ನನ್ನ ತುಣುಕು ಎರಡು ನಿಮಿಷದ್ದು. ಬೇಕಿದ್ದರೆ ಹೇಳಿ, ಕಳಿಸ್ತೀನಿ. ನೀವು ನುಡಿಸಿದ್ದನ್ನೂ ಕಳಿಸಿ.