ಏರ್‌ಬ್ಯಾಗ್ ಲೈಟ್ ಆರುತ್ತಿಲ್ಲ: ಕೋಡ್ ಬಂತು ಅಂತ ಬ್ಯಾಗೇ ಬದಲಿಸಬೇಕಾ?

ಪ್ರಶ್ನೆ: ಸರ್, ನನ್ನದು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಒಂದು ತಿಂಗಳಿಂದ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಲೈಟ್ ಉರಿಯುತ್ತಲೇ ಇದೆ. ಆನ್‌ಲೈನಲ್ಲಿ ತರಿಸಿದ ಬ್ಲೂಟೂತ್ ಸ್ಕ್ಯಾನರ್ ಹಾಕಿದರೆ ಯಾವ ಫಾಲ್ಟೂ ಇಲ್ಲ ಅನ್ನುತ್ತದೆ. ಗ್ಯಾರೇಜಿನವರ ಸ್ಕ್ಯಾನರ್‌ನಲ್ಲಿ ಬಿ0001-13 ಅನ್ನೋ ಫಾಲ್ಟ್ ಕೋಡ್ ಬಂತು. ಡ್ರೈವರ್ ಏರ್‌ಬ್ಯಾಗ್ ಹೋಗಿದೆ, ಹೊಸದು ಹಾಕಬೇಕು ಅಂದರು. ಹಾರ್ನ್ ಕೂಡ ಒಮ್ಮೊಮ್ಮೆ ಹೊಡೆಯಲ್ಲ, ಅದು ಬೇರೆ ವಿಷಯ ಬಿಡಿ. ಮನೆಯಲ್ಲಿ ಮಲ್ಟಿಮೀಟರ್ ಇದೆ. ಬ್ಯಾಗ್ ಸರಿ ಇದೆಯಾ ಅಂತ ನಾನೇ ನೋಡಬಹುದಾ? (ದಾವಣಗೆರೆಯ ಓದುಗರು)

ಉತ್ತರ: ಮೊದಲು ಆ ಮಲ್ಟಿಮೀಟರ್ ಕೆಳಗಿಡಿ. ಬ್ಯಾಗಿನ ಹಿಂದೆ ಸ್ಕ್ವಿಬ್ ಅನ್ನೋ ಸಣ್ಣ ತಂತಿ ಇರುತ್ತದೆ. ಅದಕ್ಕೆ ಕರೆಂಟ್ ಹರಿದರೆ ಕಾದು ಮದ್ದಿಗೆ ಬೆಂಕಿ ಹಚ್ಚುತ್ತದೆ, ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಬ್ಯಾಗ್ ಉಬ್ಬುತ್ತದೆ. ಓಮ್ಸ್, ಅಂದರೆ ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ಅಡ್ಡಿ) ಅಳೆಯುವಾಗ ಮಲ್ಟಿಮೀಟರ್ ಮಾಡೋದೂ ಅದನ್ನೇ, ತನ್ನ ಬ್ಯಾಟರಿಯಿಂದ ಸ್ವಲ್ಪ ಕರೆಂಟ್ ಕಳಿಸುತ್ತದೆ. ಬ್ಯಾಗಿಗೆ ನೇರವಾಗಿ ಮೀಟರ್ ಹಚ್ಚಬೇಡಿ ಅಂತ ಸರ್ವಿಸ್ ಮ್ಯಾನ್ಯುಯಲ್‌ಗಳು ಒತ್ತಿ ಹೇಳೋದು ಇದಕ್ಕೇ.

ಇನ್ನು ಹಾರ್ನ್. ಅದು ಬೇರೆ ವಿಷಯ ಅಲ್ಲ, ನನ್ನ ಪ್ರಕಾರ ಅದೇ ವಿಷಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಬ್ಲೂಟೂತ್ ಸ್ಕ್ಯಾನರ್ ಏನೂ ತೋರಿಸದೇ ಇರೋದು ಸಹಜ. ಅಂಥ ಅಗ್ಗದವು ಸಾಮಾನ್ಯವಾಗಿ ಎಂಜಿನ್ನಿನ ಪಿ ಕೋಡ್‌ಗಳನ್ನು ಮಾತ್ರ ಓದುತ್ತವೆ. ಏರ್‌ಬ್ಯಾಗಿನದು ಬಿ ಕೋಡ್, ಅದು ಬೇರೆ ಇಸಿಯುನಲ್ಲಿ (ಏರ್‌ಬ್ಯಾಗ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್) ಕೂತಿರುತ್ತದೆ. ಎಸ್‌ಆರ್‌ಎಸ್, ಅಂದರೆ ಏರ್‌ಬ್ಯಾಗ್ ವ್ಯವಸ್ಥೆ, ಓದುವ ಸ್ಕ್ಯಾನರ್ರೇ ಬೇಕು.

ಬಿ0001 ಅಂದರೆ ಡ್ರೈವರ್ ಮುಂಭಾಗದ ಬ್ಯಾಗಿನ ಒಂದನೇ ಹಂತದ ಸರ್ಕ್ಯೂಟ್. ಗಮನಿಸಿ, ಸರ್ಕ್ಯೂಟ್, ಬ್ಯಾಗ್ ಅಲ್ಲ. ಇಸಿಯು ಸಾಮಾನ್ಯವಾಗಿ ಗೇರ್ ಲಿವರ್ ಹತ್ತಿರ ನೆಲಕ್ಕೆ ಬಿಗಿದಿರುತ್ತದೆ. ಅಲ್ಲಿಂದ ಹೊರಟ ವೈರು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹೋಗಿ, ಸ್ಟೇರಿಂಗಿನೊಳಗಿನ ಕ್ಲಾಕ್ ಸ್ಪ್ರಿಂಗ್ (ಸುರುಳಿ ಕೇಬಲ್) ದಾಟಿ, ಹಳದಿ ಕನೆಕ್ಟರ್ ಮೂಲಕ ಬ್ಯಾಗಿಗೆ ಸೇರುತ್ತದೆ. ಇಸಿಯು ತನ್ನ ತುದಿಯಲ್ಲಿ ಕೂತು ಇಡೀ ದಾರಿಯ ರೆಸಿಸ್ಟೆನ್ಸ್ ಅಳೆಯುತ್ತದೆ. ಸಾಮಾನ್ಯವಾಗಿ ಎರಡು ಓಮ್ಸ್ ಆಚೀಚೆ ಇರಬೇಕು. ಎಲ್ಲಿ ಕಡಿದಿದೆ ಅಂತ ಅದಕ್ಕೆ ಗೊತ್ತಾಗಲ್ಲ, ಕಡಿದಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಕೊನೆಯ ಎರಡು ಅಕ್ಷರವೇ ಮುಖ್ಯ, ಆದರೆ ಎಷ್ಟೋ ಕಡೆ ಅದನ್ನು ಓದೋದೇ ಇಲ್ಲ. 13 ಅಂದರೆ ಓಪನ್, ದಾರಿ ಎಲ್ಲೋ ಕಡಿದಿದೆ. 11 ಆದರೆ ವೈರು ಬಾಡಿಗೆ ತಗುಲಿದೆ, 12 ಆದರೆ ಬ್ಯಾಟರಿ ಪ್ಲಸ್‌ಗೆ. 1ಬಿ ಅಂದರೆ ರೆಸಿಸ್ಟೆನ್ಸ್ ಜಾಸ್ತಿ, 1ಎ ಅಂದರೆ ತೀರಾ ಕಡಿಮೆ. ಈ 1ಎ ಬಂದಾಗ ಬ್ಯಾಗ್ ಶಾರ್ಟ್ ಆಗಿದೆ ಅಂತ ಗಾಬರಿ ಬೀಳುವವರೇ ಜಾಸ್ತಿ. ಆದರೆ ಹಳದಿ ಕನೆಕ್ಟರ್ ಒಳಗೆ ಒಂದು ಪುಟ್ಟ ಲೋಹದ ಪಟ್ಟಿ ಇರುತ್ತದೆ, ಕನೆಕ್ಟರ್ ಬಿಚ್ಚಿದ ಕೂಡಲೇ ಅದು ಎರಡೂ ಪಿನ್ ಸೇರಿಸಿಬಿಡುತ್ತದೆ, ಕೈಯಿಂದಲೋ ಬಟ್ಟೆಯಿಂದಲೋ ಬಂದ ಸ್ಟ್ಯಾಟಿಕ್ ಕರೆಂಟಿಗೆ ಬ್ಯಾಗ್ ಹಾರದಿರಲಿ ಅಂತ. ಕನೆಕ್ಟರ್ ಪೂರ್ತಿ ಕೂರದೆ ಅರ್ಧಕ್ಕೆ ನಿಂತರೂ ಆ ಪಟ್ಟಿ ಮುಟ್ಟಿಕೊಂಡೇ ಇರಬಹುದು, ಕೋಡ್ ಬರಬಹುದು. ಖರ್ಚು ಸೊನ್ನೆ, ಕಟಕ್ ಅಂತ ಒತ್ತಿದರೆ ಮುಗಿಯಿತು.

ಕೆಲವು ಕಂಪನಿಗಳು ತಮ್ಮದೇ ನಂಬರ್ ಬಳಸುತ್ತವೆ. ಹ್ಯುಂಡೈ ಕಾರುಗಳಲ್ಲಿ ಬಿ1346 ಅಂದರೆ ಡ್ರೈವರ್ ಬ್ಯಾಗ್ ರೆಸಿಸ್ಟೆನ್ಸ್ ಜಾಸ್ತಿ, ಬಿ1347 ಅಂದರೆ ಕಡಿಮೆ.

ನಿಮ್ಮದು 13, ಜೊತೆಗೆ ಹಾರ್ನ್ ತೊಂದರೆ. ಹಾರ್ನ್, ಸ್ಟೇರಿಂಗ್ ಮೇಲಿನ ಆಡಿಯೋ ಬಟನ್, ಏರ್‌ಬ್ಯಾಗ್, ಮೂರರ ವೈರೂ ಒಂದೇ ಕ್ಲಾಕ್ ಸ್ಪ್ರಿಂಗ್ ಮೂಲಕ ಹೋಗುತ್ತದೆ. ಅದು ಪ್ಲಾಸ್ಟಿಕ್ ಡಬ್ಬಿಯೊಳಗೆ ಸುರುಳಿ ಸುತ್ತಿದ ಚಪ್ಪಟೆ ಕೇಬಲ್. ಇತ್ತೀಚೆಗೆ ಸ್ಟೇರಿಂಗ್ ರ‍್ಯಾಕ್ ಕೆಲಸ ಏನಾದರೂ ಮಾಡಿಸಿದ್ದೀರಾ? ರ‍್ಯಾಕಿನಿಂದ ಕಾಲಮ್ ಬಿಚ್ಚಿದ ಮೇಲೆ ಸ್ಟೇರಿಂಗನ್ನು ಸುಮ್ನೆ ತಿರುಗಿಸಿಬಿಟ್ಟರೆ ಸುರುಳಿಯ ನಡು ತಪ್ಪುತ್ತದೆ. ಆಮೇಲೆ ಯೂಟರ್ನ್ ಹೊಡೆಯುವಾಗ ಕೇಬಲ್ ಬಿಗಿದು ಹರಿಯುತ್ತದೆ.

ಗ್ಯಾರೇಜಿಗೆ ಹೋಗಿ ಒಂದು ಕೆಲಸ ಮಾಡಿಸಿ. ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆರೆದು ಡ್ರೈವರ್ ಬ್ಯಾಗಿನ ಓಮ್ಸ್ ನೋಡುತ್ತಾ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನ ತಿರುಗಿಸಲಿ. ಎಲ್ಲೋ ಒಂದು ಜಾಗದಲ್ಲಿ ಎರಡು ಓಮ್ಸ್ ಇದ್ದದ್ದು ಸಡನ್ನಾಗಿ ಮಾಯವಾದರೆ ಕಳ್ಳ ಸಿಕ್ಕ, ಕ್ಲಾಕ್ ಸ್ಪ್ರಿಂಗೇ. ಲೈವ್ ಡೇಟಾ ಇಲ್ಲದಿದ್ದರೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಬೇಕು. ಕೆಲವು ಕಾರಿಗೆ 90 ಸೆಕೆಂಡ್, ಕೆಲವಕ್ಕೆ ಮೂರು ನಿಮಿಷ ಅಥವಾ ಇನ್ನೂ ಜಾಸ್ತಿ, ಯಾಕಂದ್ರೆ ಇಸಿಯು ಒಳಗಿನ ಕೆಪಾಸಿಟರ್‌ನಲ್ಲಿ ಬ್ಯಾಗ್ ಹಾರಿಸುವಷ್ಟು ಕರೆಂಟ್ ಉಳಿದಿರುತ್ತದೆ. ಆಮೇಲೆ ಬ್ಯಾಗ್ ತೆಗೆದು, ಅದರ ಜಾಗದಲ್ಲಿ ಎರಡು ಓಮ್ಸಿನ ಟೆಸ್ಟ್ ಲೋಡ್ (ಬ್ಯಾಗಿನ ಬದಲಿಗೆ ಹಾಕುವ ರೆಸಿಸ್ಟರ್) ಹಾಕಿ, ಬ್ಯಾಟರಿ ಕೊಟ್ಟು, ಕೋಡ್ ಅಳಿಸಿ ಮತ್ತೆ ಸ್ಕ್ಯಾನ್. ಕೋಡ್ ಮರಳಿ ಬರದಿದ್ದರೆ ಬ್ಯಾಗಿನ ಕಡೆಯೇ ತೊಂದರೆ. ಬಂದರೆ ಅದೇ ಲೋಡನ್ನು ಕ್ಲಾಕ್ ಸ್ಪ್ರಿಂಗಿನ ಕೆಳಗೆ ಹಾಕಿ ನೋಡೋದು. ಆಗ ಹೋದರೆ ಕ್ಲಾಕ್ ಸ್ಪ್ರಿಂಗ್ ಬದಲಿಸಿ. ಆಗಲೂ ಹೋಗದಿದ್ದರೆ ವೈರಿಂಗ್, ಇಲಿ ಕಡಿದಿದೆಯಾ ನೋಡಿ.

ಇದನ್ನೆಲ್ಲ ಮೆಕ್ಯಾನಿಕ್ಕೇ ಮಾಡಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಬಿಚ್ಚಿದ ಬ್ಯಾಗನ್ನು ಟೇಬಲ್ ಮೇಲೆ ಮುಖ ಮೇಲೆ ಮಾಡಿ ಇಡಲಿ. ಬೋರಲು ಹಾಕಿದರೆ, ಅಪ್ಪಿತಪ್ಪಿ ಹಾರಿದಾಗ ಇಡೀ ಮಾಡ್ಯೂಲ್ ಸೂರಿಗೆ ಬಡಿಯುತ್ತದೆ. ಅಷ್ಟರವರೆಗೆ ಕಾರು ಓಡಿಸಬಹುದು, ಆದರೆ ಆ ಲೈಟ್ ಉರಿಯುತ್ತಿರುವಾಗ ಬ್ಯಾಗ್ ತೆರೆಯುತ್ತದೆ ಅಂತ ನಂಬಿಕೊಳ್ಳಬೇಡಿ. ಬೆಲ್ಟ್ ಹಾಕಿ.

ಪ್ರಶ್ನೆ: ಸೀಟ್ ಕವರ್ ಹಾಕಿಸಿಕೊಂಡು ಅಂಗಡಿಯಿಂದ ಹೊರಗೆ ಬರುವಾಗಲೇ ಏರ್‌ಬ್ಯಾಗ್ ಲೈಟ್ ಹತ್ತಿತು. ಅವರನ್ನು ಕೇಳಿದರೆ ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತಾರೆ. (ಮೈಸೂರಿನ ಓದುಗರು)

ಉತ್ತರ: ಸಂಬಂಧ ಇದೆ. ಸೀಟ್ ಕೆಳಗೆ ಬಗ್ಗಿ ನೋಡಿ, ಹಳದಿ ಕನೆಕ್ಟರ್ ಸಡಿಲವಾಗಿರಬಹುದು. ಸೈಡ್ ಏರ್‌ಬ್ಯಾಗ್, ಬೆಲ್ಟ್ ಬಕಲ್ ಇವುಗಳ ವೈರು ಅಲ್ಲೇ ಹಾದು ಹೋಗೋದು. ಕನೆಕ್ಟರ್ ಮುಟ್ಟುವ ಮುಂಚೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ ಕಾಯಿರಿ. ಕನೆಕ್ಟರ್ ಸರಿಯಾಗಿ ಕೂರಿಸಿದ ಮೇಲೂ ಲೈಟ್ ಆರದೇ ಇರಬಹುದು, ಹೆದರಬೇಡಿ. ಕೋಡ್ ಪಕ್ಕದಲ್ಲಿ ಕರೆಂಟ್ (ಅಂದರೆ ಈಗಲೂ ಇರೋದು, ವಿದ್ಯುತ್ ಅಲ್ಲ) ಅಂತ ಇದೆಯೋ ಹಿಸ್ಟರಿ ಅಂತ ಇದೆಯೋ ನೋಡಿಸಿ. ಹಿಸ್ಟರಿ ಅಂದರೆ ಹಿಂದೆ ಆಗಿದ್ದು, ಈಗ ಇಲ್ಲ, ಅಳಿಸಿದರೆ ಸಾಕು. ಇನ್ನೊಂದು ಮಾತು, ಸೀಟಿನ ಅಂಚಿನಲ್ಲಿ ಏರ್‌ಬ್ಯಾಗ್ ಅಂತ ಚೀಟಿ ಇದ್ದರೆ ಆ ಕಡೆಯನ್ನು ದಪ್ಪ ರೆಕ್ಸಿನ್‌ನಲ್ಲಿ ಹೊಲಿದು ಮುಚ್ಚುವ ಕವರ್ ಬೇಡವೇ ಬೇಡ. ಕವರ್ ಎಷ್ಟೇ ಚೆಂದ ಇರಲಿ, ವಾಪಸ್ ಮಾಡಿ.

ಪ್ರಶ್ನೆ: 2011ರ ಸೆಕೆಂಡ್ ಹ್ಯಾಂಡ್ ಸೆಡಾನ್ ನೋಡಿದ್ದೇವೆ. ಏರ್‌ಬ್ಯಾಗ್ ಲೈಟ್ ಇಲ್ಲ, ಸ್ಕ್ಯಾನ್ ಮಾಡಿಸಿದರೂ ಯಾವ ಕೋಡೂ ಇಲ್ಲ. ಧೈರ್ಯವಾಗಿ ತಗೋಬಹುದಾ? (ಮಂಗಳೂರಿನ ಓದುಗರು)

ಉತ್ತರ: ಲೈಟ್ ಇಲ್ಲ ಅಂದರೆ ಹೇಗೆ ಇಲ್ಲ? ಇಗ್ನಿಷನ್ ಆನ್ ಮಾಡಿದಾಗ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಬಲ್ಬ್ ಕಿತ್ತಿದ್ದಾರೆ ಅಥವಾ ಅದು ಕಾಣದಂತೆ ಮುಚ್ಚಿದ್ದಾರೆ ಅಂತಲೇ ತಿಳಿಯಿರಿ. ಹತ್ತಿ ಆರಿದರೂ ಪೂರ್ತಿ ನಂಬುವ ಹಾಗಿಲ್ಲ. ಆಕ್ಸಿಡೆಂಟಿನಲ್ಲಿ ಹಾರಿದ ಬ್ಯಾಗಿನ ಜಾಗದಲ್ಲಿ ಎರಡು ಓಮ್ಸಿನ ರೆಸಿಸ್ಟರ್ ಸಿಕ್ಕಿಸಿಬಿಟ್ಟರೆ ಇಸಿಯು ಮೋಸ ಹೋಗುತ್ತದೆ, ಸ್ಕ್ಯಾನರ್ ಕೂಡ ಓಕೆ ಅನ್ನುತ್ತದೆ. ಹಾಗಾಗಿ ಪ್ಯಾಸೆಂಜರ್ ಕಡೆಯ ಡ್ಯಾಶ್‌ಬೋರ್ಡಿನ ಬಣ್ಣ, ಗೆರೆ, ಸಂದು ಕೈಯಾಡಿಸಿ ನೋಡಿ. ಬೆಲ್ಟ್ ಪೂರ್ತಿ ಎಳೆದು, ಬುಡದ ಲೇಬಲ್‌ನಲ್ಲಿರುವ ತಯಾರಿಕೆಯ ವರ್ಷ ಓದಿ. 2011ರ ಕಾರಿಗೆ 2016ರ ಬೆಲ್ಟ್ ಇದ್ದರೆ ಯಾಕೆ ಅಂತ ಕೇಳಿ. ಇನ್ಶೂರೆನ್ಸ್ ಕ್ಲೇಮ್ ಚರಿತ್ರೆಯನ್ನೂ ತರಿಸಿಕೊಳ್ಳಿ.

ಅದಕ್ಕಿಂತ ದೊಡ್ಡ ತಲೆನೋವು ಟಕಾಟಾ ಕಂಪನಿಯ ಇನ್‌ಫ್ಲೇಟರ್, ಅಂದರೆ ಬ್ಯಾಗ್ ಉಬ್ಬಿಸುವ ಮದ್ದಿನ ಡಬ್ಬಿ. ಅದರೊಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿಲು, ತೇವ ಉಂಡು ಕೆಟ್ಟರೆ, ಬ್ಯಾಗ್ ತೆರೆಯುವಾಗ ಲೋಹದ ಡಬ್ಬಿಯೇ ಒಡೆದು ಚೂರು ಮುಖಕ್ಕೆ ಬರುತ್ತದೆ. ಹೋಂಡಾ ಸೇರಿದಂತೆ ಹಲವು ಕಂಪನಿಗಳು ಭಾರತದಲ್ಲೂ ಇದಕ್ಕಾಗಿ ಕಾರು ವಾಪಸ್ ಕರೆಸಿ ಪಾರ್ಟ್ ಬದಲಿಸಿವೆ. ಇದಕ್ಕೆ ಕೋಡ್ ಬರಲ್ಲ. ಇಸಿಯು ನೋಡೋದು ತಂತಿಯ ರೆಸಿಸ್ಟೆನ್ಸ್, ಮದ್ದಿನ ಸ್ಥಿತಿಯನ್ನಲ್ಲ. ಕರಾವಳಿಯ ಸೆಕೆಯಲ್ಲಿ ಓಡಿದ ಹಳೇ ಕಾರು ಅಂದರೆ ಇದನ್ನು ನೋಡಲೇಬೇಕು. ಆರ್‌ಸಿಯಲ್ಲಿ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಇರುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಅದನ್ನು ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ ನೋಡಿ, ಇಲ್ಲವೇ ಆ ಕಂಪನಿಯ ಯಾವುದಾದರೂ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿ. ರೀಕಾಲ್ ಬಾಕಿ ಇದ್ದರೆ ಇನ್‌ಫ್ಲೇಟರನ್ನು ಕಂಪನಿ ಉಚಿತವಾಗಿ ಬದಲಿಸಿಕೊಡುತ್ತದೆ. ಮಾರುವವರೇ ಅದನ್ನು ಮುಗಿಸಿ ಕೊಡಲಿ, ಆಮೇಲೆ ರೇಟ್ ಮಾತಾಡಿ.