ಆರು ಕುಂಡ, ಏಳು ತರದ ಮೆಣಸಿನ ಬೀಜ: ಯಾವುದು ಹಾಕೋದು, ಯಾವುದು ಬಿಡೋದು?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿನ ಅಪಾರ್ಟ್‌ಮೆಂಟ್, ಪೂರ್ವ ದಿಕ್ಕಿನ ಬಾಲ್ಕನಿ, ಆರೇ ಆರು ಕುಂಡಕ್ಕೆ ಜಾಗ. ಬೀಜ ಮಾತ್ರ ಏಳು ತರದ್ದು ತರಿಸಿಟ್ಟಿದ್ದೀರಿ: ಬ್ಯಾಡಗಿ, ಗುಂಟೂರು, ಜ್ವಾಲಾ, ಸೂಜಿಮೆಣಸು, ಬಜ್ಜಿ ಮೆಣಸಿನಕಾಯಿ, ಹಳದಿ ಕ್ಯಾಪ್ಸಿಕಂ, ಭೂತ್ ಜೊಲೋಕಿಯಾ. ಎಲ್ಲದರದ್ದೂ ಒಂದೊಂದು ಗಿಡ ಹಾಕಲಾ, ಇಲ್ಲ ಕೆಲವನ್ನು ಬಿಡಲಾ ಅಂತ ಕೇಳಿದ್ದೀರಿ.

ಬಿಡಿ. ಏಳರಲ್ಲಿ ನಾಲ್ಕನ್ನಾದರೂ ಬಿಡಿ. ನಾನು ಮೈಸೂರಿನಲ್ಲಿ ತಾರಸಿ ಮೇಲೆ ಮೆಣಸಿನ ಗಿಡ ಬೆಳೆಸುತ್ತೇನೆ, ನಿಮಗಿಂತ ಜಾಗ ಸ್ವಲ್ಪ ಜಾಸ್ತಿ ಇದೆ. ಆದರೂ ಆರಿಸುವಾಗ ನೋಡುವುದು ಒಂದೇ ವಿಷಯ: ಈ ಕಾಯಿಯನ್ನು ನಮ್ಮ ಅಡುಗೆಮನೆಯಲ್ಲಿ ಹಸಿಯಾಗಿ ಬಳಸುತ್ತೇವಾ, ಒಣಗಿಸಿ ಬಳಸುತ್ತೇವಾ? ಒಣಗಿಸಿ ಬಳಸುವುದಾದರೆ ಅದು ಅಂಗಡಿಯಿಂದ ಬರಲಿ. ಹಸಿಯಾಗಿ ಬಳಸುವುದಾದರೆ ಕುಂಡಕ್ಕೆ ಬರಲಿ.

ಬ್ಯಾಡಗಿಯನ್ನೇ ತೆಗೆದುಕೊಳ್ಳಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಊರಿನ ಹೆಸರು ಹೊತ್ತ ಮೆಣಸಿನಕಾಯಿ, 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಪ್ರದೇಶದ್ದೇ ಅನ್ನುವ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಡಬ್ಬಿ ಅಂತ ಒಂದು, ಗಿಡ್ಡಕ್ಕೆ ದಪ್ಪಗೆ ಇರುತ್ತದೆ. ಕಡ್ಡಿ ಅಂತ ಇನ್ನೊಂದು, ಉದ್ದಕ್ಕೆ ತೆಳ್ಳಗೆ, ಮೈಯೆಲ್ಲ ಸುಕ್ಕು. ಎರಡನ್ನೂ ನಾವು ತರುವುದು ಖಾರಕ್ಕಲ್ಲ, ಬಣ್ಣಕ್ಕೆ. ಸಾರಿನ ಪುಡಿ, ಹುಳಿಪುಡಿಗೆ ಆ ಕೆಂಪು ಬೇಕು. ಆ ಬಣ್ಣ ಬರಬೇಕಾದರೆ ಕಾಯಿ ಗಿಡದಲ್ಲೇ ಪೂರ್ತಿ ಹಣ್ಣಾಗಬೇಕು, ಆಮೇಲೆ ದಿನಗಟ್ಟಲೆ ಬಿಸಿಲಲ್ಲಿ ಒಣಗಬೇಕು. ಹಾವೇರಿ, ಧಾರವಾಡ, ಗದಗದ ಹೊಲಗಳಲ್ಲಿ ಅದಕ್ಕೆ ಬೇಕಾದ ಒಣ ಹವೆ ಇದೆ, ಹರವಲು ಕಣ ಇದೆ. ನಿಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ತಂತಿ ಇರಬಹುದು, ಅಷ್ಟೇ ಅಲ್ವಾ.

ಲೆಕ್ಕವನ್ನೂ ನೋಡಿ. ಸುಮಾರು ನಾಲ್ಕು ಕೆಜಿ ಹಣ್ಣು ಮೆಣಸಿನಕಾಯಿ ಒಣಗಿದರೆ ಒಂದು ಕೆಜಿ ಒಣ ಮೆಣಸಿನಕಾಯಿ. ಕುಂಡದ ಗಿಡ ಚೆನ್ನಾಗಿ ಬಂತು ಅಂದರೂ ಒಂದು ಹಂಗಾಮಿಗೆ ಅರ್ಧ, ಮುಕ್ಕಾಲು ಕೆಜಿ ಹಣ್ಣು ಕೊಟ್ಟೀತು. ಅಂದರೆ ಆರೂ ಕುಂಡಕ್ಕೆ ಬ್ಯಾಡಗಿಯನ್ನೇ ಹಾಕಿದರೂ ಸಿಗುವುದು ಒಂದು ಕೆಜಿ ಆಸುಪಾಸು. ಒಂದೇ ಕುಂಡ ಹಾಕಿದರೆ ಒಂದು ಸಲದ ಸಾರಿನ ಪುಡಿಗೂ ಸಾಲುವುದಿಲ್ಲ. ಜನವರಿಯಿಂದ ಮಾರ್ಚ್ ಒಳಗೆ ಹೊಸ ಬೆಳೆ ಮಾರುಕಟ್ಟೆಗೆ ಬರುತ್ತದೆ. ಆಗ ಒಳ್ಳೆಯದನ್ನು ನೋಡಿ ವರ್ಷಕ್ಕಾಗುವಷ್ಟು ತಂದಿಟ್ಟುಕೊಳ್ಳಿ. ಗುಂಟೂರಿಗೂ ಇದೇ ಮಾತು, ಅದನ್ನು ಬೇರೆಯಾಗಿ ಹೇಳುವುದಿಲ್ಲ.

ಈಗ ಸೂಜಿಮೆಣಸು. ನನ್ನನ್ನು ಕೇಳಿದರೆ ನಿಮ್ಮ ಏಳು ಪೊಟ್ಟಣದಲ್ಲಿ ಕುಂಡಕ್ಕೆ ಅಂತಲೇ ಹುಟ್ಟಿದ್ದು ಇದೊಂದೇ. ಮಲೆನಾಡಿನಲ್ಲಿ ಸೂಜಿಮೆಣಸು, ಜೀರಿಗೆ ಮೆಣಸು ಅಂತಾರೆ, ಕರಾವಳಿಯ ಕಡೆ ಗಾಂಧಾರಿ. ಚಿಕ್ಕ ಕಾಯಿ, ಆಕಾಶ ನೋಡಿಕೊಂಡು ನೆಟ್ಟಗೆ ನಿಂತಿರುತ್ತದೆ. ಕಾಫಿ ತೋಟಗಳಲ್ಲಿ ಇದನ್ನು ಯಾರೂ ನೆಡುವುದೇ ಇಲ್ಲ, ಹಕ್ಕಿಗಳೇ ತಿಂದು ಬೀಜ ಹಾಕುತ್ತವೆ. ಹಕ್ಕಿಗಳಿಗೆ ಖಾರ ತಾಗುವುದಿಲ್ಲ, ಪುಣ್ಯವಂತರು. ಮರದ ನೆರಳಿನ ಅಂಚಿನಲ್ಲಿ ತಾನಾಗಿ ಬೆಳೆದು ಅಭ್ಯಾಸ ಇರುವ ಗಿಡವಾದ್ದರಿಂದ ಮಧ್ಯಾಹ್ನದ ಮೇಲೆ ಬಿಸಿಲು ಹೋಗುವ ನಿಮ್ಮ ಪೂರ್ವದ ಬಾಲ್ಕನಿಗೂ ಇದು ಹೊಂದಿಕೊಳ್ಳುತ್ತದೆ. ಬೇರೆ ಮೆಣಸಿನ ಗಿಡಗಳಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು.

ಇನ್ನೊಂದು ಲಾಭ ಅಂದರೆ ಇದರ ಆಯಸ್ಸು. ಜ್ವಾಲಾದಂಥ ಗಿಡ ಒಂದು ಹಂಗಾಮು ಚೆನ್ನಾಗಿ ಬಿಟ್ಟು ಸೊರಗುತ್ತದೆ. ಸೂಜಿಮೆಣಸು ಎರಡು ಮೂರು ವರ್ಷ ಆರಾಮಾಗಿ ಇರುತ್ತದೆ, ವರ್ಷಕ್ಕೊಮ್ಮೆ ಕೊಂಬೆ ಸವರಿ ಗೊಬ್ಬರ ಕೊಟ್ಟರೆ ಮತ್ತೆ ಚಿಗುರುತ್ತದೆ. ಕಾಯಿ ಅಷ್ಟು ಚಿಕ್ಕದಾದರೂ ಖಾರ ಜೋರು. ತಂಬುಳಿಗೆ ಎರಡು, ಅಪ್ಪೆಹುಳಿಗೆ ಮೂರು ಜಜ್ಜಿ ಹಾಕಿದರೆ ಸಾಕು. ಹಾಗಾಗಿ ಒಂದೇ ಗಿಡ ಒಂದು ಮನೆಗೆ ಹೆಚ್ಚೇ ಆಗುತ್ತದೆ. ಉಳಿದದ್ದನ್ನು ಉಪ್ಪು, ನಿಂಬೆರಸದಲ್ಲಿ ಹಾಕಿಟ್ಟುಕೊಳ್ಳಿ. ಬೆಂಗಳೂರಿನ ಮಾಮೂಲಿ ತರಕಾರಿ ಅಂಗಡಿಯಲ್ಲಿ ಇದು ತಾಜಾ ಸಿಗುವುದು ಅಪರೂಪ. ಬೆಳೆಯಲು ಅದಕ್ಕಿಂತ ಒಳ್ಳೆ ಕಾರಣ ಬೇಕಾ? ಇದಕ್ಕೆ ಮಾತ್ರ ದೊಡ್ಡ ಕುಂಡ ಕೊಡಿ, ಇಪ್ಪತ್ತು ಲೀಟರ್‌ನ ಪೇಂಟ್ ಬಕೆಟ್ ಆದರೂ ಸರಿ, ತಳಕ್ಕೆ ತೂತು ಹಾಕಿ. ಬೀಜ ಮೊಳೆಯಲು ಮೂರು ವಾರ ತೆಗೆದುಕೊಂಡರೂ ಗಾಬರಿಯಾಗಬೇಡಿ, ಮಣ್ಣು ಕೆದಕಿ ನೋಡಬೇಡಿ.

ದಿನಬಳಕೆಯ ಹಸಿಮೆಣಸಿನಕಾಯಿಗೆ ಜ್ವಾಲಾ ಇರಲಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಿಂದ ಬಂದ ಹಳೆಯ ತಳಿ ಇದು, ಪೂಸಾ ಜ್ವಾಲಾ. ತೆಳು ಹಸಿರು, ಸುಕ್ಕು ಸುಕ್ಕಾದ ಉದ್ದ ಕಾಯಿ. ಗಿಡ ಗಿಡ್ಡವಾಗಿ ಪೊದೆಯಂತೆ ಬೆಳೆಯುತ್ತದೆ, ಕುಂಡಕ್ಕೆ ಹೇಳಿ ಮಾಡಿಸಿದ್ದು. ನಿಮಗೆ ಹೆಸರಘಟ್ಟ ಹತ್ತಿರವಾದರೆ ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ (ಐಐಎಚ್‌ಆರ್) ಅರ್ಕಾ ತಳಿಗಳನ್ನೂ ನೋಡಬಹುದು. ಅರ್ಕಾ ಲೋಹಿತ್ ಖಾರ ಬೇಕೆನ್ನುವವರಿಗೆ. ಅರ್ಕಾ ಮೇಘನಾ ವೈರಸ್ ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ಹೈಬ್ರಿಡ್. ಹೈಬ್ರಿಡ್ ಆದ್ದರಿಂದ ಅದರ ಕಾಯಿಯ ಬೀಜ ತೆಗೆದು ಮತ್ತೆ ಹಾಕಿದರೆ ಅದೇ ಗುಣ ಬರುವುದಿಲ್ಲ, ಅದೊಂದು ನೆನಪಿರಲಿ.

ಜ್ವಾಲಾವನ್ನು ಹೇಗೆ ಹಾಕುತ್ತೀರಿ ಅನ್ನುವುದು ಮುಖ್ಯ. ಮೂರು ಕುಂಡ ಇದಕ್ಕೆ ಕೊಡಿ, ಆದರೆ ಮೂರನ್ನೂ ಒಂದೇ ದಿನ ನೆಡಬೇಡಿ. ಸಸಿ ನೆಟ್ಟು ಎರಡು, ಎರಡೂವರೆ ತಿಂಗಳಿಗೆ ಹಸಿಕಾಯಿ ಕೀಳಲು ಬರುತ್ತದೆ. ಮೂರೂ ಒಟ್ಟಿಗೆ ನೆಟ್ಟರೆ ಮೂರೂ ಒಟ್ಟಿಗೆ ಬಿಡುತ್ತವೆ. ಆಗ ಪಕ್ಕದ ಮನೆಗೆಲ್ಲ ಹಂಚುತ್ತೀರಿ, ಆಮೇಲೆ ಮೂರೂ ಒಟ್ಟಿಗೆ ಸುಸ್ತಾದಾಗ ಅಂಗಡಿಗೆ ಹೋಗುತ್ತೀರಿ. ಈಗ ಎರಡು, ಎರಡು ತಿಂಗಳು ಬಿಟ್ಟು ಒಂದು, ಹೀಗೆ ಹಾಕಿದರೆ ಒಗ್ಗರಣೆಗೆ ಎಂದೂ ಕೊರತೆ ಬೀಳುವುದಿಲ್ಲ. ಬಲಿತ ಕಾಯಿಯನ್ನು ಬೇಗ ಬೇಗ ಕೀಳಿ. ಕೆಂಪಾಗಲು ಬಿಟ್ಟಷ್ಟೂ ಹೊಸ ಹೂ ಕಡಿಮೆ.

ಬಜ್ಜಿ ಮೆಣಸಿನಕಾಯಿಯದ್ದು ಬೇರೆಯೇ ತಮಾಷೆ. ಒಂದು ಗಿಡದಲ್ಲಿ ಒಂದು ದಿನಕ್ಕೆ ಕೀಳಲು ಸಿಗುವುದು ಮೂರು ನಾಲ್ಕು ಕಾಯಿ. ಮಳೆ ಬಂತು, ಬಜ್ಜಿ ಮಾಡೋಣ ಅಂದರೆ ಹತ್ತಾದರೂ ಬೇಕು. ಒಂದು ಗಿಡ ಹಾಕಿದರೆ ಮನೆಯಲ್ಲಿ ಜಗಳ. ಹಾಕುವುದಾದರೆ ಎರಡು ಮೂರು, ಇಲ್ಲದಿದ್ದರೆ ಬೇಡವೇ ಬೇಡ. ಮಜ್ಜಿಗೆ ಮೆಣಸಿನಕಾಯಿ ಮಾಡುವ ಆಸೆ ಇದ್ದರೂ ಇದೇ ಕಥೆ. ನಿಮ್ಮ ಜಾಗಕ್ಕೆ ಬೇಡ ಅನ್ನುತ್ತೇನೆ.

ಹಳದಿ ಕ್ಯಾಪ್ಸಿಕಂ ಬಿಟ್ಟುಬಿಡಿ. ಅಂಗಡಿಯಲ್ಲಿ ಕಾಣುವ ಆ ಬಣ್ಣದ ಕಾಯಿಗಳನ್ನು ಸಾಮಾನ್ಯವಾಗಿ ಪಾಲಿಹೌಸ್‌ನಲ್ಲಿ, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಮನೆಯೊಳಗೆ ಬೆಳೆಯುತ್ತಾರೆ. ಹಸಿರಿನಿಂದ ಹಳದಿಗೆ ತಿರುಗುವ ತನಕ ಗಿಡದಲ್ಲೇ ಇರಬೇಕು, ಅಷ್ಟರಲ್ಲಿ ಹುಳವೋ ಕೊಳೆಯೋ ಹೊಕ್ಕಿರುತ್ತದೆ.

ಭೂತ್ ಜೊಲೋಕಿಯಾ ಬಗ್ಗೆ ನಿಮಗೆ ಆಸೆ ಇದೆ ಅಂತ ಪ್ರಶ್ನೆಯ ಧಾಟಿಯಲ್ಲೇ ಗೊತ್ತಾಗುತ್ತದೆ. 2007ರಲ್ಲಿ ಗಿನ್ನೆಸ್ ಇದನ್ನು ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಅಂತ ದಾಖಲಿಸಿತು. ಈಗ ಅದನ್ನು ಮೀರಿಸಿದವು ಬಂದಿವೆ. ಖಾರ ಅಳೆಯುವ ಸ್ಕೋವಿಲ್ ಮಾನದಲ್ಲಿ ಗುಂಟೂರು ಸಣ್ಣಂ ತಳಿಯದ್ದು 35ರಿಂದ 40 ಸಾವಿರ ಆದರೆ ಇದರದ್ದು 10 ಲಕ್ಷ ದಾಟಿತ್ತು. ಇದು ಈಶಾನ್ಯದ ಗಿಡ, ಅಸ್ಸಾಂ, ನಾಗಾಲ್ಯಾಂಡ್ ಕಡೆಯ ತೇವದ ಸೆಕೆಗೆ ಒಗ್ಗಿದ್ದು. ಬೀಜ ಮೊಳೆಯುವುದೂ ನಿಧಾನ, ಹಣ್ಣಾಗುವುದೂ ನಿಧಾನ. ಅಲ್ಲಿನವರಿಗೆ ಅದರ ಪರಿಮಳ ಗೊತ್ತು, ಹಂದಿ ಮಾಂಸಕ್ಕೆ, ಬಿದಿರು ಕಳಲೆಗೆ ಲೆಕ್ಕ ಇಟ್ಟು ಹಾಕುತ್ತಾರೆ. ನಮ್ಮ ಹುಳಿಗೆ ಅರ್ಧ ಕಾಯಿ ಹಾಕಿದರೂ ಪಾತ್ರೆ ಚೆಲ್ಲಬೇಕಾದೀತು. ಶೋಕಿಗೆ ಒಂದು ಕುಂಡ ಕೊಡುವುದಾದರೆ ಕೊಡಿ, ನಾನು ಬೇಡ ಅನ್ನಲ್ಲ. ಚಿಕ್ಕ ಮಕ್ಕಳು ಬಾಲ್ಕನಿಗೆ ಬರುವ ಮನೆಯಾದರೆ ಮಾತ್ರ ಖಂಡಿತ ಬೇಡ.

ಹಾಗಾದರೆ ಜ್ವಾಲಾ ಮೂರು, ಸೂಜಿಮೆಣಸು ಒಂದು, ಶೋಕಿಗೆ ಒಂದು. ಆರನೆಯದನ್ನು ಖಾಲಿ ಇಡಿ. ಸುಮ್ನೆ ಹೇಳುತ್ತಿಲ್ಲ. ಮೆಣಸಿನ ಗಿಡಕ್ಕೆ ದೊಡ್ಡ ಶತ್ರು ಮುಟುರು ರೋಗ. ಎಲೆ ಮೇಲಕ್ಕೆ ದೋಣಿಯ ಹಾಗೆ ಮಡಚಿದರೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಇಕ್ಕಟ್ಟಾಗಿ ಇಟ್ಟ ಕುಂಡಗಳಲ್ಲಿ ಒಂದಕ್ಕೆ ಬಂದದ್ದು ವಾರದೊಳಗೆ ಎಲ್ಲದಕ್ಕೂ ಬರುತ್ತದೆ. ಆ ಖಾಲಿ ಜಾಗ ಇದ್ದರೆ ಗಿಡಗಳ ನಡುವೆ ಗಾಳಿಯಾಡುತ್ತದೆ, ಕಾಯಿಲೆ ಬಿದ್ದದ್ದನ್ನು ದೂರ ಇಡಬಹುದು, ಎರಡು ತಿಂಗಳ ನಂತರದ ಸಸಿಯನ್ನೂ ಅಲ್ಲೇ ಬೆಳೆಸಬಹುದು. ಶುರುವಿನಲ್ಲೇ ಕಂಡರೆ ತುದಿ ಚಿವುಟಿ ಹಾಕಿ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ತೊಟ್ಟು ಸೋಪಿನ ನೀರು ಕಲಸಿ ಸಂಜೆ ಹೊತ್ತು ಎಲೆಯ ಕೆಳಭಾಗಕ್ಕೆ ಹೊಡೆಯಿರಿ. ಮೇಲೆ ಮಾತ್ರ ಹೊಡೆದರೆ ಏನೂ ಪ್ರಯೋಜನ ಇಲ್ಲ. ಗಿಡ ಪೂರ್ತಿ ಮುರುಟಿದ್ದರೆ ಕಿತ್ತುಬಿಡಿ, ಉಳಿಸಲು ಹೋಗಬೇಡಿ.

ಬಾಲ್ಕನಿಗೆ ಗಾಜು ಹಾಕಿಸಿದ್ದರೆ ಗಾಳಿ, ಜೇನು ಬರುವುದಿಲ್ಲ. ಆಗ ಬೆಳಿಗ್ಗೆ ಹೂವಿನ ಕೊಂಬೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ, ಅಷ್ಟಕ್ಕೇ ಕಾಯಿ ಕಟ್ಟುತ್ತದೆ. ಖಾರದ ಗಿಡದ ಪಕ್ಕ ಸಪ್ಪೆ ಗಿಡ ಇಟ್ಟರೆ ಸಪ್ಪೆಯದ್ದೂ ಖಾರವಾಗುತ್ತದಾ ಅಂತ ಕೇಳಿದ್ದೀರಲ್ಲ, ಆಗುವುದಿಲ್ಲ. ಆ ವರ್ಷದ ಕಾಯಿಗೆ ಏನೂ ಆಗಲ್ಲ. ಪರಾಗ ಬೆರೆತಿದ್ದರೆ ಅದು ಕಾಣಿಸುವುದು ಆ ಕಾಯಿಯ ಬೀಜ ಬಿತ್ತಿದಾಗ. ಜ್ವಾಲಾ ಬೀಜ ಉಳಿಸಿಕೊಳ್ಳಬೇಕಾದರೆ ಹೂ ಅರಳುವ ಮೊದಲೇ ಒಂದು ಕೊಂಬೆಗೆ ಸೊಳ್ಳೆಪರದೆ ಬಟ್ಟೆಯ ಚೀಲ ಕಟ್ಟಿ.

ಬಿತ್ತನೆಗೆ ಮೇ ಕೊನೆ, ಜೂನ್ ಒಳ್ಳೆಯದು. ಉಳಿದ ಪೊಟ್ಟಣಗಳನ್ನು ಗಾಳಿ ಹೋಗದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಒಂದೆರಡು ವರ್ಷ ಏನೂ ಆಗುವುದಿಲ್ಲ. ಬ್ಯಾಡಗಿ ಮತ್ತು ಗುಂಟೂರು ಬೀಜವನ್ನು ಮಾತ್ರ ಊರಲ್ಲಿ ಹಿತ್ತಲು ಇರುವ ನೆಂಟರಿಗೆ ಕೊಟ್ಟುಬಿಡಿ.