ರೆಪ್ಲಿಕಾ ತೋರಿಸುವ ಸೊನ್ನೆ ನಿಜವೇ?

ಪ್ರಶ್ನೆ: ನಮ್ಮ ಬಿಲ್ಲಿಂಗ್ ಡೇಟಾಬೇಸ್ ಮೈಎಸ್‌ಕ್ಯೂಎಲ್ 8.0ರಲ್ಲಿದೆ. ವರದಿಗಳನ್ನು ರೆಪ್ಲಿಕಾದಿಂದ, ಅಂದರೆ ಮೂಲ ಸರ್ವರ್ (ಸೋರ್ಸ್) ಅನ್ನು ಹಿಂಬಾಲಿಸುವ ಪ್ರತಿಯಿಂದ, ತೆಗೆಯುತ್ತೇವೆ. ಅದು ಎಷ್ಟು ಸೆಕೆಂಡು ಹಿಂದಿದೆ ಎಂದು ಹೇಳುವ ‘ಸೆಕೆಂಡ್ಸ್ ಬಿಹೈಂಡ್ ಸೋರ್ಸ್’ 0 ಎನ್ನುತ್ತದೆ, ಆದರೆ ವರದಿಯಲ್ಲಿ ಕಳೆದ ಐದು ನಿಮಿಷದ ಬಿಲ್ಲುಗಳೇ ಇರುವುದಿಲ್ಲ. ಯಾವುದನ್ನು ನಂಬುವುದು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ವರದಿಯ ಕನೆಕ್ಷನ್ ನೋಡಿ. ಆಟೊಕಮಿಟ್ (ಪ್ರತಿ ಆದೇಶವನ್ನೂ ತಾನಾಗಿ ಮುಗಿಸುವ ವ್ಯವಸ್ಥೆ) ಆಫ್ ಆಗಿದ್ದು, ಟ್ರಾನ್ಸಾಕ್ಷನ್ ತೆರೆದೇ ಇದ್ದರೆ, ‘ರಿಪೀಟಬಲ್ ರೀಡ್’ ಮಟ್ಟದಲ್ಲಿ ಅದಕ್ಕೆ ಮೊದಲ ಸಲ ಓದಿದಾಗಿನ ಚಿತ್ರವೇ ಕಾಣುತ್ತಿರುತ್ತದೆ. ಲ್ಯಾಗ್ (ರೆಪ್ಲಿಕಾ ಹಿಂದುಳಿಯುವುದು) ಇಲ್ಲದೆಯೂ ಹೀಗಾಗುತ್ತದೆ.

ಅದು ಸರಿಯಿದ್ದರೆ ಆ ಸೊನ್ನೆಯ ಮೇಲೇ ಅನುಮಾನ ಪಡಿ. ರೆಪ್ಲಿಕಾದಲ್ಲಿ ಐಒ ಥ್ರೆಡ್ ಸೋರ್ಸ್‌ನಿಂದ ಬೈನರಿ ಲಾಗ್ (ಬದಲಾವಣೆಗಳ ದಾಖಲೆ) ತಂದು ರಿಲೇ ಲಾಗ್‌ಗೆ ಬರೆಯುತ್ತದೆ. ಎಸ್‌ಕ್ಯೂಎಲ್ ಥ್ರೆಡ್ ಅದನ್ನು ಟೇಬಲ್‌ಗಳಿಗೆ ಇಳಿಸುತ್ತದೆ. ನೀವು ನೋಡುತ್ತಿರುವ ಅಂಕಿ ಎರಡನೆಯದರದ್ದು. ತಂದದ್ದೆಲ್ಲ ಇಳಿದು ಮುಗಿದರೆ 0. ನೆಟ್‌ವರ್ಕ್ ನಿಧಾನವಾಗಿ ಲಾಗ್ ಇನ್ನೂ ಸೋರ್ಸ್‌ನಲ್ಲೇ ಉಳಿದಿದ್ದರೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಸೋರ್ಸ್‌ನಲ್ಲಿ ‘ಶೋ ಮಾಸ್ಟರ್ ಸ್ಟೇಟಸ್’ ಕೊಡುವ ಫೈಲ್ ಮತ್ತು ಪೊಸಿಷನ್ ಅನ್ನು ರೆಪ್ಲಿಕಾದ ‘ರೀಡ್ ಸೋರ್ಸ್ ಲಾಗ್ ಪೊಸ್’ ಜತೆ ಹೋಲಿಸಿದರೆ ಅಂತರ ಕಂಡುಬಿಡುತ್ತದೆ.

ಕಾಯಂ ಅಳತೆಗೆ ಪರ್ಕೋನಾ ಟೂಲ್‌ಕಿಟ್‌ನ ಪಿಟಿ-ಹಾರ್ಟ್‌ಬೀಟ್ ಹಾಕಿ. ಅದಕ್ಕೆಂದೇ ಒಂದು ಪುಟ್ಟ ಡೇಟಾಬೇಸ್ ಮಾಡಿ, ಸೋರ್ಸ್‌ನಲ್ಲಿ ‘ಕ್ರಿಯೇಟ್-ಟೇಬಲ್’, ‘ಅಪ್‌ಡೇಟ್’, ‘ಡೀಮನೈಸ್’ ಆಯ್ಕೆಗಳೊಂದಿಗೆ ಓಡಿಸಿ. ಅದು ಸೆಕೆಂಡಿಗೊಮ್ಮೆ ಒಂದೇ ಸಾಲಿನಲ್ಲಿ ವೇಳೆ ಬರೆಯುತ್ತದೆ. ರೆಪ್ಲಿಕಾದಲ್ಲಿ ‘ಮಾನಿಟರ್’ ಓಡಿಸಿದರೆ ಆ ವೇಳೆಯನ್ನು ಅಲ್ಲಿನ ಗಡಿಯಾರದೊಂದಿಗೆ ಹೋಲಿಸಿ ತೆಗೆದ ಈಗಿನ ಲ್ಯಾಗ್, ಪಕ್ಕದಲ್ಲಿ 1, 5, 15 ನಿಮಿಷಗಳ ಸರಾಸರಿ ಬರುತ್ತವೆ. ಅಲಾರಂ ಅನ್ನು 5 ನಿಮಿಷದ ಸರಾಸರಿಗೆ ಕಟ್ಟಿ. ಒಂದೊಂದು ಸೆಕೆಂಡಿನ ಏರಿಳಿತಕ್ಕೆ ಕಟ್ಟಿದರೆ ರಾತ್ರಿ ನಿದ್ದೆ ಇರದು.

ಎಡವುವುದು ಹೆಚ್ಚಾಗಿ ಗಡಿಯಾರದಲ್ಲಿ. ರೆಪ್ಲಿಕಾದ ಗಡಿಯಾರ 3 ಸೆಕೆಂಡು ಮುಂದಿದ್ದರೆ ಲ್ಯಾಗ್‌ಗೆ ಅಷ್ಟೇ ಸೇರುತ್ತದೆ. ಎರಡೂ ಕಡೆ ಗಡಿಯಾರ ಸರಿಹೊಂದಿಸುವ ಕ್ರೋನಿ ನಡೆಯುತ್ತಿರಲಿ, ‘ಯುಟಿಸಿ’ ಆಯ್ಕೆ ಎರಡೂ ಕಡೆ ಇರಲಿ. ಎಲ್ಲ ರೆಪ್ಲಿಕಾಗಳ ಲ್ಯಾಗ್ ಒಟ್ಟಿಗೇ, ಸೆಕೆಂಡಿಗೆ ಒಂದರಂತೆ ಏರುತ್ತಿದ್ದರೆ ರೆಪ್ಲಿಕಾಗಳನ್ನು ಬೈಯಬೇಡಿ, ಸೋರ್ಸ್‌ನ ಅಪ್‌ಡೇಟ್ ಪ್ರಕ್ರಿಯೆ ಸತ್ತಿದೆಯೇ ನೋಡಿ. ಒಂದೇ ರೆಪ್ಲಿಕಾದಲ್ಲಿ ಹಾಗಾದರೆ ರೆಪ್ಲಿಕೇಷನ್ ಫಿಲ್ಟರ್ ಆ ಪುಟ್ಟ ಡೇಟಾಬೇಸನ್ನೇ ಬಿಟ್ಟಿರಬಹುದು. ಲ್ಯಾಗ್ ನಿಜವೇ ಆಗಿದ್ದರೆ ಪ್ರೈಮರಿ ಕೀ ಇಲ್ಲದ ದೊಡ್ಡ ಟೇಬಲ್ ಹುಡುಕಿ; ರೋ ಮಾದರಿಯ (ಬದಲಾದ ಸಾಲುಗಳನ್ನೇ ಬರೆದಿಡುವ) ಲಾಗ್‌ನಲ್ಲಿ, ಬೇರೆ ಇಂಡೆಕ್ಸೂ ಇಲ್ಲದಿದ್ದರೆ, ಅಪ್‌ಡೇಟ್–ಡಿಲೀಟ್‌ಗಳಿಗಾಗಿ ಇಡೀ ಟೇಬಲ್ಲನ್ನು ಜಾಲಾಡಬೇಕಾಗುತ್ತದೆ.

ಪ್ರಶ್ನೆ: ಪೋಸ್ಟ್‌ಗ್ರೆಸ್‌ನಲ್ಲಿ ಈಗಿನ ವೇಳೆಯಿಂದ, ರೆಪ್ಲಿಕಾದಲ್ಲಿ ಕೊನೆಯದಾಗಿ ರೀಪ್ಲೇ ಆದ (ಇಳಿದ) ಕಮಿಟ್‌ನ ವೇಳೆ ಕಳೆದು ಲ್ಯಾಗ್ ತೆಗೆಯುತ್ತೇವೆ. ಭಾನುವಾರ ಅದು ಗಂಟೆಗಟ್ಟಲೆ ಏರುತ್ತದೆ, ಏಕೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಭಾನುವಾರ ಯಾರೂ ಬರೆಯುವುದಿಲ್ಲ, ಅದಕ್ಕೇ. ರೀಪ್ಲೇ ಆಗಲು ಹೊಸ ಕಮಿಟ್ ಇಲ್ಲ, ಗಡಿಯಾರ ಮಾತ್ರ ಓಡುತ್ತಿದೆ. ಪಡೆದ ಮತ್ತು ರೀಪ್ಲೇ ಆದ ಎಲ್‌ಎಸ್‌ಎನ್ (ಲಾಗ್‌ನಲ್ಲಿನ ಸ್ಥಾನದ ಸಂಖ್ಯೆ) ಸಮವಿದ್ದರೆ 0 ಎಂದುಕೊಳ್ಳುವ ಉಪಾಯವುಂಟು, ಆದರೆ ಅದರಲ್ಲೂ ಮೇಲೆ ಹೇಳಿದ್ದೇ ತೂತು: ಇನ್ನೂ ಬಾರದ ಲಾಗ್ ಲೆಕ್ಕಕ್ಕಿಲ್ಲ. ಪ್ರೈಮರಿಯ (ಮೂಲ ಸರ್ವರ್‌ನ) ‘ಪಿಜಿ ಸ್ಟ್ಯಾಟ್ ರೆಪ್ಲಿಕೇಷನ್’ ನೋಟದಿಂದ (ವ್ಯೂ) ರೀಪ್ಲೇ ಎಲ್‌ಎಸ್‌ಎನ್ ತೆಗೆದು, ಈಗಿನ ಎಲ್‌ಎಸ್‌ಎನ್‌ನಿಂದ ಕಳೆದು, ಬೈಟ್‌ಗಳಲ್ಲಿ ಅಳೆಯಿರಿ. ಆವೃತ್ತಿ 10ರಿಂದ ಅಲ್ಲೇ ‘ರೀಪ್ಲೇ ಲ್ಯಾಗ್’ ಕಾಲಮ್ ಕೂಡ ಇದೆ. ಆ ನೋಟದಲ್ಲಿ ರೆಪ್ಲಿಕಾದ ಸಾಲೇ ಕಾಣದಿದ್ದರೆ ಕನೆಕ್ಷನ್ ಕಡಿದಿದೆ. ಅದಕ್ಕೆ ಬೇರೆಯೇ ಅಲಾರಂ ಇಡಿ.